ಗೇಟಿನ ಕರೆಂಟು ಮತ್ತು ನನ್ನ ಕೆಂಪು ಪೆನ್ನು

ಕಣ್ಣಿಗೆ ಬಿದ್ದ ವಾಕ್ಯವನ್ನೆಲ್ಲ ತಿದ್ದುವ ಚಟ ನನಗಿದೆ. ಪತ್ರಿಕೆಯ ಉಪಸಂಪಾದಕನಿಗೆ ಅದು ಸಂಬಳ ತರುವ ಚಟ. ಮನೆಯಲ್ಲಿ ಮಾತ್ರ ಜಗಳ ತರುತ್ತದೆ. ಭಾವಮೈದುನನ ಲಗ್ನಪತ್ರಿಕೆ ಅಚ್ಚಾಗಿ ಬಂದ ಮೇಲೆ ಅದರಲ್ಲಿ ಏಳು ತಪ್ಪು ತೋರಿಸಿ, ಮದುವೆಯಲ್ಲಿ ಕೊನೆಯ ಪಂಕ್ತಿಗೆ ಊಟಕ್ಕೆ ಕೂತವನು ನಾನು.

ತೊಂಬತ್ತರ ದಶಕದ ಕೊನೆಗೆ ನಾವು ಪುಣೆಯ ಸದಾಶಿವ ಪೇಠದಲ್ಲಿದ್ದೆವು. ತಂಗಿ ಸುನಂದಾ ಆಂಪ್ಲಿಫೈಯರ್ ಕಾರ್ಖಾನೆಯೊಂದರಲ್ಲಿ ಬೆಸುಗೆ ಹಾಕುತ್ತ, ಸಂಜೆ ಡಿಪ್ಲೊಮಾ ಓದುತ್ತಿದ್ದಳು. ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ಬಾಯಿ ಕಟ್ಟಿ ನಪಾಸಾಗಿದ್ದಳು. ಈ ಸಲವೂ ಹೋದರೆ ಸೂಪರ್‌ವೈಸರ್ ಕೆಲಸ ಬೇರೆಯವರಿಗೆ ಎಂದು ಕಾರ್ಖಾನೆಯಲ್ಲಿ ಹೇಳಿಯಾಗಿತ್ತು. ಮರಾಠಿಯಲ್ಲಿ ಕೇಳಿದ ಪಾಠವನ್ನು ಆಕೆ ನೋಟ್ಸಿನ ವಹಿಯೊಂದರಲ್ಲಿ ಕನ್ನಡದಲ್ಲಿ ಗೀಚಿಕೊಂಡಿದ್ದಳು. ಆ ವಹಿಯನ್ನು ಶುದ್ಧ ಮಾಡಿಕೊಡುವ ಭಾರ ನನ್ನ ಮೇಲೆ ಬಿತ್ತು.

ವಿಷಯ ಒಂದು ಬಗೆಯ ಟ್ರಾನ್ಸಿಸ್ಟರ್. ಅದಕ್ಕೆ ಮೂರು ಕಾಲು: ಸೋರ್ಸ್, ಗೇಟ್, ಡ್ರೈನ್. ಸೋರ್ಸ್ ಎಂದರೆ ಸುದ್ದಿಮೂಲ, ಡ್ರೈನ್ ಎಂದರೆ ಗಟಾರ ಎಂದು ನನಗೆ ಗೊತ್ತಿತ್ತು. ಧೈರ್ಯಕ್ಕೆ ಅಷ್ಟು ಸಾಕಾಯಿತು. ‘ಗೇಟಿನೊಳಗಿಂದ ಕರೆಂಟು ಹರಿಯುವುದಿಲ್ಲ’ ಎಂದು ಬರೆದಿದ್ದಳು. ಗೇಟು ಇರುವುದೇ ಹೋಗಿಬರಲಿಕ್ಕಲ್ಲವೇ? ಅವಸರದ ತಪ್ಪೆಂದು ಕೆಂಪು ಪೆನ್ನಿನಲ್ಲಿ ‘ಹರಿಯುತ್ತದೆ’ ಎಂದು ಮಾಡಿದೆ. ಅಕ್ಷರವೂ ಮುದ್ದಾಗಿ ಬಂದಿತ್ತು.

ಪರೀಕ್ಷಕರು ಕೇಳಿದ್ದೂ ಅದನ್ನೇ: ಗೇಟಿನೊಳಗೆ ಕರೆಂಟು ಹೋಗುತ್ತದೆಯೇ? ವಹಿಯ ಕೆಂಪಕ್ಷರ ಕಣ್ಣಮುಂದೆ ಬಂದು, ಹೌದು ಎನ್ನಲು ಬಾಯಿ ತೆರೆದವಳಿಗೆ ತನ್ನ ಕೆಲಸದ ಮೇಜು ನೆನಪಾಯಿತಂತೆ. ಸಂಜೆ ನನ್ನ ಕೈಗೊಂದು ಪೇಢೆ ಇಟ್ಟು ಹೇಳಿದಳು:

“ಮೇಜಿನ ಮ್ಯಾಲೆ ಟೆಸ್ಟ್ ಮಾಡೂ ಮುಂದ ಡ್ರೈನಿಗೆ ಒಂದು ಬಲ್ಬ್ ಕಟ್ಟಿರ್ತೀವಿ. ಗೇಟಿಗೆ ಒಂದು ಕ್ಷಣ ವೋಲ್ಟೇಜ್ ಮುಟ್ಟಿಸಿ ತಗದ್ರೂ ಆ ಬಲ್ಬ್ ಉರಕೋತನ ಇರ್ತದಣ್ಣಾ. ಗೇಟಿನಾಗಿಂದ ಕರೆಂಟ್ ಹರೀತಿದ್ರ ತಗದ ಕೂಡಲೆ ಆರಬೇಕಿತ್ತು. ನಡುವ ಗಾಜಿನಂಥಾ ಪದರ ಅದ. ಗೇಟು ಅದರ ಆಚೆ ಕುಂತು ದಾರಿ ತಗೀತದ, ಅಷ್ಟ. ಕರೆಂಟ್ ಹೋಗೂದು ಕೆಳಗ, ಡ್ರೈನಿಗೂ ಸೋರ್ಸಿಗೂ ನಡುವ. ಹಂಗ ಹೇಳಿ ಪಾಸಾದೆ.”

ಹಾಗಾದರೆ ನಾನು ತಿದ್ದಿದ್ದು? ಎಂದು ಕೇಳಿದೆ.

“ವ್ಯಾಕರಣ ಭಾಳ ಶುದ್ಧ ಇತ್ತು” ಎಂದಳು.

ವಹಿ ತೆಗೆದುಕೊಂಡು, ಪತ್ರಿಕೆಯಲ್ಲಿ ತಿದ್ದುಪಡಿ ಹಾಕುವ ಶಿಸ್ತಿನಂತೆ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ ಬರೆದೆ: ‘ಹರಿಯುತ್ತದೆ’ ಎಂಬುದನ್ನು ‘ಹರಿಯುವುದಿಲ್ಲ’ ಎಂದು ಓದಿಕೊಳ್ಳಬೇಕು. ಸುನಂದಾ ತನ್ನ ಚೀಲದಿಂದ ಬೆಸುಗೆ ಪರೀಕ್ಷಿಸುವ ಭೂತಗನ್ನಡಿ ತೆಗೆದು, ಅದನ್ನು ಎರಡು ಸಲ ಓದಿದಳು.

“ಇದರಾಗ ‘ತಪ್ಪಿಗೆ ವಿಷಾದಿಸುತ್ತೇವೆ’ ಅನ್ನೂದು ಎಲ್ಲದಣ್ಣಾ?”

ಜಾಗ ಸಾಲಲಿಲ್ಲ ಎಂದೆ. ಅರ್ಧ ಪುಟ ಖಾಲಿ ಇತ್ತು.