ನಾಲ್ಕನೇ ಬಾಗಿಲೂ ಬೂಟು ಕೇಳಿದ ಬಾತುಕೋಳಿಯೂ

"ಈ ಭಾನುವಾರ ಬರಲಿ, ನೋಡ್ತಾ ಇರು! ಒಂದೊಂದು ಮನೇಲೂ ಮಕ್ಕಳು ನಾನು ಹೇಳಿದ ಪುಸ್ತಕ ಹಿಡ್ಕೊಂಡು ಕೂತಿರ್ತಾರೆ. ಟೀವಿ ಕಡೆ ತಿರುಗಿ ನೋಡೋರು ಇರಲ್ಲ!"

ಹೀಗೆ ಘೋಷಿಸಿ ಮೋಡಣ್ಣ ಲೋಟವನ್ನು ಮೇಜಿಗೆ ಕುಟ್ಟಿದ ರಭಸಕ್ಕೆ ಅರ್ಧ ಟೀ ಅವನ ಅಂಗಿಯ ಮೇಲೇ ಚೆಲ್ಲಿತು. ಯುಗಪುರುಷರು ಇಂಥ ಸಣ್ಣಪುಟ್ಟ ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೋಡಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹದಿನಾಲ್ಕು ವರ್ಷ ಪತ್ರಿಕೆಯಲ್ಲಿ ಹವಾಮಾನದ ಅಂಕಣ ಬರೆದೂ ಬರೆದೂ ಕಚೇರಿಯವರಿಂದ ಸಂಪಾದಿಸಿಕೊಂಡ ಬಿರುದು. "ಅಲ್ಲಲ್ಲಿ ಚದುರಿದಂತೆ ಮಳೆ" ಎಂದು ಅವನು ಬರೆದ ದಿನ ಜನ ಧೈರ್ಯವಾಗಿ ಬಟ್ಟೆ ಒಣಗಿಹಾಕುತ್ತಿದ್ದರು. ಅಂಥವನ ಮೇಲೆ ಅದೃಷ್ಟದ ಕಣ್ಣು ಬಿದ್ದದ್ದು ಮಕ್ಕಳ ಪುಟ ನೋಡಿಕೊಳ್ಳುತ್ತಿದ್ದ ಮೇಡಂ ಹೆರಿಗೆ ರಜೆಯ ಮೇಲೆ ಹೋದಾಗ. ರಜಾಕಾಲದ ವಿಶೇಷ ಪುಟ. ಹತ್ತು ಹೊಸ ಪುಸ್ತಕಗಳ ಶಿಫಾರಸು. ಮೂರರಿಂದ ಆರು ವರ್ಷದ ಪುಟಾಣಿಗಳಿಗೆ ಐದು, ಒಂಬತ್ತರಿಂದ ಹನ್ನೆರಡರವರಿಗೆ ಐದು. ಚೆನ್ನಾಗಿ ಬಂದರೆ ವರ್ಷವಿಡೀ ಆ ಪುಟ ಅವನದೇ ಎಂದು ಸಂಪಾದಕರು ಮಾತು ಕೊಟ್ಟಿದ್ದರು.

"ರೀ, ನಿಮಗೆ ಮಕ್ಕಳ ಪುಸ್ತಕ ಗೊತ್ತಾ?" ಎಂದಳು ಹೆಂಡತಿ. ಅವಳು ಆಸ್ಪತ್ರೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಕೊಡುವ ನರ್ಸು. ದಿನವಿಡೀ ಚುಚ್ಚುವ ಕೆಲಸ. ಮನೆಗೆ ಬಂದ ಮೇಲೆ ಕೈ ಸುಮ್ಮನಿದ್ದರೂ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಮಕ್ಕಳೂ ಗೊತ್ತು, ಪುಸ್ತಕವೂ ಗೊತ್ತು. ಎರಡೂ ಸೇರಿಸಿದರೆ ಮಕ್ಕಳ ಪುಸ್ತಕ!"

"ಹಾಗಾದ್ರೆ ಗಾಳಿಯೂ ಗೊತ್ತು, ನೀರೂ ಗೊತ್ತು. ನಿನ್ನೆ ಬಿಸಿಲು ಅಂತ ಬರೆದು ನನ್ನ ಯೂನಿಫಾರ್ಮ್ ಯಾಕೆ ನೆನೆಸಿದ್ರಿ?"

ಮೋಡಣ್ಣ ಆಗಲೇ ಪುಸ್ತಕಗಳ ಗೋಪುರದ ಹಿಂದೆ ಮರೆಯಾಗಿದ್ದ.

ಒಂದು ಮಾತು ಒಪ್ಪಲೇಬೇಕು. ಅವನು ಮೋಸ ಮಾಡಲಿಲ್ಲ. ಬೆನ್ನುಡಿ ಓದಿ ಬೆನ್ನು ತಟ್ಟುವ ಜಾತಿಯವನಲ್ಲ. ಹತ್ತೂ ಪುಸ್ತಕ ಓದಿದ. ಚಿಕ್ಕವರ ಗುಂಪಿನ ಮೊದಲನೆಯದು 'ಬಾತುಕೋಳಿಗೆ ಬೂಟು ಬೇಕು'. ಇಪ್ಪತ್ತನಾಲ್ಕು ಪುಟ, ನಲವತ್ತೊಂದು ಪದ. ಅದರಲ್ಲಿ ಹತ್ತೊಂಬತ್ತು ಪದ "ಕ್ವಾಕ್". ಟೀ ಆರುವ ಮೊದಲೇ ಮುಗಿದುಹೋಯಿತು. "ಆಹಾ, ಎಂಥ ಸಂಯಮದ ಶೈಲಿ!" ಎಂದು ಗುರುತು ಹಾಕಿಕೊಂಡ.

ದೊಡ್ಡವರ ಗುಂಪಿನ ಮೊದಲನೆಯದು 'ನೆಲಮಾಳಿಗೆಯ ನಾಲ್ಕನೇ ಬಾಗಿಲು'. ಹಳೆಯ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮನೆಗೆ ಬಂದ ಅಕ್ಕ ತಮ್ಮ. ನೆಲಮಾಳಿಗೆಯಲ್ಲಿ ನಾಲ್ಕು ಬಾಗಿಲು. ಮೂರು ತೆರೆಯುತ್ತವೆ. ನಾಲ್ಕನೆಯದರ ಆಚೆಯಿಂದ ಯಾರೋ ಟಕ್, ಟಕ್, ಟಕ್ ಎಂದು ಬಡಿಯುತ್ತಾರೆ. ಮಟಮಟ ಮಧ್ಯಾಹ್ನ, ಕಿಟಕಿಯಿಂದ ಬಿಸಿಲು ಸುರಿಯುತ್ತಿದ್ದ ಹೊತ್ತಿನಲ್ಲೇ ಮೋಡಣ್ಣನ ಮೈ ಝುಮ್ಮೆಂದಿತು. ನೂರಾ ಮೂವತ್ತನೇ ಪುಟಕ್ಕೆ ಬರುವಷ್ಟರಲ್ಲಿ ಅವನು ಅಡುಗೆಮನೆಗೆ ಹೋಗಿ ಹೆಂಡತಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದ.

"ಇಲ್ಯಾಕೆ ಬಂದ್ರಿ?"

"ಬೆಳಕು ಚೆನ್ನಾಗಿದೆ."

"ಇಲ್ಲಿರೋದು ಒಂದೇ ಕಿಟಕಿ ರೀ."

"ಒಂದೇ ಬಾಗಿಲು ಕೂಡ!" ಎಂದ ಮೋಡಣ್ಣ, ಅದಕ್ಕೆ ಬೆನ್ನು ಕೊಡದೆ.

ಮೂರು ದಿನ ಕೂತು ಬರೆದ. ಹವಾಮಾನದ ಕೈ ಸುಲಭಕ್ಕೆ ಬಿಡುತ್ತದೆಯೇ? "ಮಧ್ಯಭಾಗದಲ್ಲಿ ದಟ್ಟ ಭಯ ಕವಿಯಲಿದ್ದು, ಕೊನೆಯ ಪುಟಗಳಲ್ಲಿ ಕಣ್ಣೀರು ಸುರಿಯುವ ಸಾಧ್ಯತೆ ಇದೆ" ಎಂದೆಲ್ಲ ಬಂತು. ಕರಡು ತಿದ್ದುವ ಹಿರಿಯರು ಕನ್ನಡಕ ಏರಿಸಿ, "ಕೊಡಪ್ಪಾ, ಪುಟ ಸಿದ್ಧವಾದ ಮೇಲೆ ಒಂದ್ಸಲ ಕಣ್ಣಾಡಿಸ್ತೀನಿ" ಎಂದರು.

"ಅಯ್ಯೋ, ನಾನೇ ಹತ್ತು ಸಲ ಓದಿದ್ದೀನಿ ಸಾರ್! ಒಂದು ಕೊಂಬು ಆಚೀಚೆ ಆಗಿದ್ರೆ ನನ್ನ ಕಿವಿ ಹಿಂಡಿ."

ಹಿರಿಯರು ಅವನ ಕಿವಿಯನ್ನೊಮ್ಮೆ ನೋಡಿ ಕನ್ನಡಕ ಇಳಿಸಿದರು.

ಶನಿವಾರ ಸಂಜೆ ಪುಟ ಕಟ್ಟುವ ಹೊತ್ತಿಗೆ ಮೋಡಣ್ಣ ಕಟಿಂಗ್ ಶಾಪಿನಲ್ಲಿದ್ದ. ಅಂಕಣದ ಜೊತೆ ಅವನ ಭಾವಚಿತ್ರ ಬರುವುದಿತ್ತು. ನೆತ್ತಿಯ ಮೇಲೆ ಅಳಿದುಳಿದ ಕೂದಲನ್ನು ಅವನು ವರ್ಷಗಟ್ಟಲೆ ತರಬೇತಿ ಕೊಟ್ಟು ಎಡದಿಂದ ಬಲಕ್ಕೆ ಮಲಗಿಸಿದ್ದ. ಅದನ್ನು ಬಿಟ್ಟು ಉಳಿದದ್ದನ್ನು ಒಪ್ಪ ಮಾಡಬೇಕಿತ್ತು. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿ ಕೂತಿರುವಾಗಲೇ ಫೋನು. ಪುಟ ಕಟ್ಟುವ ಹುಡುಗಿ.

"ಸಾರ್, ಎಡಗಡೆ ಒಂದು ಜಾಹೀರಾತು ಬಂದುಬಿಡ್ತು. ಚಿಕ್ಕೋರ ಬರಹ ಎಂಟು ಸಾಲು ಉದ್ದ ಆಗ್ತಿದೆ. ಅದನ್ನ ಬಲಕ್ಕೆ ಹಾಕಿ, ದೊಡ್ಡೋರದ್ದು ಎಡಕ್ಕೆ ಹಾಕ್ಲಾ?"

"ಹಾಕಮ್ಮಾ, ಅದಕ್ಕೇನು."

"ತಲೆಗಳನ್ನೂ ಬದಲಾಯಿಸ್ಬೇಕಲ್ವಾ ಸಾರ್?"

ಪತ್ರಿಕೆಯವರ ಬಾಯಲ್ಲಿ ತಲೆ ಎಂದರೆ ತಲೆಬರಹ. ಆದರೆ ಆ ಗಳಿಗೆಯಲ್ಲಿ ಮೋಡಣ್ಣನಿಗೆ ಕಂಡದ್ದು ಒಂದೇ ತಲೆ. ಕನ್ನಡಿಯಲ್ಲಿ ಕ್ಷೌರಿಕ ಗುಂಯ್‌ಗುಡುವ ಮೆಷಿನ್ನು ಹಿಡಿದು ಆ ತರಬೇತಾದ ಕೂದಲಿನ ಮೇಲೆಯೇ ದಂಡೆತ್ತಿ ಬರುತ್ತಿದ್ದ!

"ಅಯ್ಯಯ್ಯೋ! ತಲೆ ಮುಟ್ಟಬೇಡ! ಹೇಗಿದೆಯೋ ಹಾಗೇ ಇರಲಿ!"

"ಆಯ್ತು ಸಾರ್" ಎಂದ ಕ್ಷೌರಿಕ.

"ಆಯ್ತು ಸಾರ್" ಎಂದಳು ಹುಡುಗಿ.

ಭಾನುವಾರ ಬೆಳಿಗ್ಗೆ ಪತ್ರಿಕೆ ಬಂದಾಗ ಮೋಡಣ್ಣ ಬಾಗಿಲಲ್ಲೇ ನಿಂತಿದ್ದ. ಭಾವಚಿತ್ರ ಅಮೋಘವಾಗಿತ್ತು. ಕೂದಲು ಕೂದಲಿನಂತೆಯೇ ಕಾಣುತ್ತಿತ್ತು. ಅದನ್ನು ನೋಡುವುದರಲ್ಲೇ ಅವನಿಗೆ ಹತ್ತು ನಿಮಿಷ ಹಿಡಿಯಿತು. ಆಮೇಲೆ ಪತ್ರಿಕೆಯನ್ನು ಹೆಂಡತಿಯ ಕೈಗಿಟ್ಟು, "ಗಟ್ಟಿಯಾಗಿ ಓದು, ಮಕ್ಕಳೂ ಕೇಳಲಿ" ಎಂದು ಸೋಫಾದಲ್ಲಿ ಕಾಲು ಚಾಚಿದ.

ಹೆಂಡತಿ ಓದಿದಳು. "'ಮೂರರಿಂದ ಆರು ವರ್ಷದ ಪುಟಾಣಿಗಳಿಗೆ. ನೆಲಮಾಳಿಗೆಯ ನಾಲ್ಕನೇ ಬಾಗಿಲು. ಗಟ್ಟಿ ಗುಂಡಿಗೆ ಇದ್ದವರು ಮಾತ್ರ ಓದಬೇಕಾದ ಕಾದಂಬರಿ. ಒಬ್ಬರೇ ಕೂತು ಓದಿದರೆ ಪರಿಣಾಮ ಹೆಚ್ಚು.' ರೀ... ಮೂರು ವರ್ಷಕ್ಕಾ?"

ಮೋಡಣ್ಣನ ಕಾಲು ಸೋಫಾದಿಂದ ಇಳಿಯಿತು.

"ಇನ್ನೂ ಇದೆ. 'ಒಂಬತ್ತರಿಂದ ಹನ್ನೆರಡು ವರ್ಷದವರಿಗೆ. ಬಾತುಕೋಳಿಗೆ ಬೂಟು ಬೇಕು. ಅಮ್ಮನ ಮಡಿಲಲ್ಲಿ ಕೂತು, ಚಿತ್ರದ ಮೇಲೆ ಬೆರಳಿಟ್ಟು ಕ್ವಾಕ್ ಕ್ವಾಕ್ ಅನ್ನುತ್ತಾ ಓದಬಹುದು. ಪುಟ ದಪ್ಪಗಿರುವುದರಿಂದ ಕಚ್ಚಿದರೂ ಭಯವಿಲ್ಲ.'"

ಹನ್ನೆರಡು ವರ್ಷದ ದೊಡ್ಡ ಮಗಳು ಎದ್ದು ನಿಂತಳು. "ಅಪ್ಪಾ, ನನ್ನ ಫ್ರೆಂಡ್ಸೆಲ್ಲ ಇದನ್ನ ಓದ್ತಾರೆ. ನಾನು ನಿನ್ನ ಮಗಳು ಅಂತ ಇನ್ಮೇಲೆ ಯಾರಿಗೂ ಹೇಳ್ಬೇಡ."

ನಾಲ್ಕು ವರ್ಷದ ಚಿಕ್ಕವಳು ಮಾತ್ರ ಕಣ್ಣರಳಿಸಿ, "ನಾಲ್ಕನೇ ಬಾಗಿಲಲ್ಲಿ ಯಾರಿದಾರೆ ಅಪ್ಪಾ?" ಎಂದಳು.

ಸೋಮವಾರ ಕಚೇರಿಯ ಫೋನಿಗೆ ಬಿಡುವೇ ಇರಲಿಲ್ಲ. ಒಬ್ಬ ಅಜ್ಜಿ: "ನೋಡಪ್ಪಾ, ಪೇಪರಿನಲ್ಲಿ ಬಂದಿದೆ ಅಂತ ನನ್ನ ಮೊಮ್ಮಗಳಿಗೆ ಓದಿ ಹೇಳಿದೆ. ಈಗ ಬೀರು ಬಾಗಿಲು ತೆಗೆಯೋಕೆ ಬಿಡ್ತಿಲ್ಲ. ನಿನ್ನೆಯಿಂದ ಒಂದೇ ಸೀರೇಲಿದ್ದೀನಿ!" ಒಬ್ಬ ವಕೀಲ: "ನನ್ನ ಹನ್ನೊಂದು ವರ್ಷದ ಮಗಳನ್ನ ಮಡಿಲಲ್ಲಿ ಕೂರಿಸ್ಕೊಂಡು ಬಾತುಕೋಳಿ ಓದಿದೆ ಸ್ವಾಮಿ. ಅವಳು ನನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ ಅಂತ ಅವರಮ್ಮನಿಗೆ ಹೇಳ್ತಿದ್ದಾಳೆ!" ಕೊನೆಗೆ ಪುಸ್ತಕದಂಗಡಿಯಮ್ಮ: "ನಿಮ್ಮ ಪುಟ ನಂಬಿ ಎರಡು ಮೇಜು ಜೋಡಿಸಿದ್ದೀನಿ ಸಾರ್, ವಯಸ್ಸಿನ ಚೀಟಿ ಸಮೇತ. ಇಲ್ಲಿ ಅಪ್ಪ ಅಮ್ಮಂದಿರು ನನ್ನ ಮೇಲೆ ಜಗಳಕ್ಕೆ ಬರ್ತಿದ್ದಾರೆ."

ಸಂಪಾದಕರು ಮೋಡಣ್ಣನನ್ನು ಒಳಗೆ ಕರೆದರು. ಕೂರಿ ಎನ್ನಲಿಲ್ಲ.

"ಏನ್ರೀ ಇದು?"

"ಸಾರ್, ತಲೆ..."

"ಅದು ಇದ್ದಿದ್ರೆ ಹೀಗಾಗ್ತಿತ್ತಾ? ಬರೋ ಶನಿವಾರ ಬೆಳಿಗ್ಗೆ ಆ ಅಂಗಡೀಲಿ ಓದುಗರ ಮುಂದೆ ಕ್ಷಮೆ ಕೇಳಿ. ಯಾವ ಪುಸ್ತಕ ಯಾರಿಗೆ ಅಂತ ಓದಿ ತೋರ್ಸಿ. ಆಮೇಲೆ ನಿಮ್ಮ ಪುಟದ ವಿಷಯ ಮಾತಾಡೋಣ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ಮೋಡಣ್ಣನದು ತಲೆಬರಹಕ್ಕೆ ಹೋದ ಮಾನ. ಅದನ್ನು ವಾಪಸು ತರಲು ಅವನಿಗೆ ಸಿಕ್ಕಿದ್ದು ಒಂದು ಬಾತುಕೋಳಿ. ವಾರವಿಡೀ ಕನ್ನಡಿಯ ಮುಂದೆ ನಿಂತು ಕ್ವಾಕ್ ಅಭ್ಯಾಸ ಮಾಡಿದ. ಪಕ್ಕದ ಮನೆಯವರು ಕೆಮ್ಮಿಗೆ ಕಷಾಯ ಕಳಿಸಿದರು.

ಶನಿವಾರ ಅಂಗಡಿಯ ಒಳಗೆ ನಲವತ್ತು ಮಕ್ಕಳು, ಅವರ ಹಿಂದೆ ಕೈಕಟ್ಟಿದ ಅಷ್ಟೇ ಮಂದಿ ದೊಡ್ಡವರು. ಎಡಕ್ಕೆ ಬಾತುಕೋಳಿಗಳ ರಾಶಿ, ಬಲಕ್ಕೆ ನಾಲ್ಕನೇ ಬಾಗಿಲುಗಳ ರಾಶಿ, ನಡುವೆ ಮೋಡಣ್ಣ. ಹಿಂದಿನ ಸಾಲಿನಲ್ಲಿ ಹೆಂಡತಿ, ಪರಿಚಯವಿಲ್ಲದವಳಂತೆ. ದೊಡ್ಡ ಮಗಳು ಅಟ್ಲಾಸಿನಿಂದ ಮುಖ ಮುಚ್ಚಿಕೊಂಡಿದ್ದಳು.

ಮೋಡಣ್ಣ ಗಂಟಲು ಸರಿಮಾಡಿಕೊಂಡ. "ತಪ್ಪು ನನ್ನದು. ಪುಟ ಕಟ್ಟಿದ ಹುಡುಗಿಯದಲ್ಲ, ಅಂಗಡಿಯಮ್ಮನದೂ ಅಲ್ಲ. ನಾನು ಸರಿಯಾಗಿ ನೋಡಲಿಲ್ಲ. ಕ್ಷಮಿಸಿ." ಇಷ್ಟನ್ನು ಅವನು ನಿಜವಾಗಿಯೂ ಮನಸ್ಸಿಟ್ಟು ಹೇಳಿದ. ಕಟ್ಟಿದ ಕೈಗಳು ಕೆಲವು ಸಡಿಲವಾದವು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು! ಆದರೆ ಅವನು ಮುಂದುವರಿಸಿದ. "ಪುಟಾಣಿಗಳೇ, ಆ ಬಾಗಿಲಿನ ಪುಸ್ತಕ ನಿಮಗಲ್ಲ. ನಿಮಗೆ ಬಾತುಕೋಳಿ. ಕ್ವಾಕ್!"

ಮುಂದಿನ ಸಾಲಿನಿಂದ ಒಂದು ಕೀಚಲು ದನಿ: "ನಮಗ್ಯಾಕೆ ಅಲ್ಲ?"

ನೋಡಿದರೆ ಅವನದೇ ಚಿಕ್ಕ ಮಗಳು! ಮನೆಯ ದೀಪ ಮನೆಯನ್ನೇ ಸುಡುವುದೆಂದರೆ ಇದೇ.

"ಬಾಗಿಲು ಬೇಕು! ಬಾಗಿಲು ಬೇಕು!" ಎಂದು ಪುಟಾಣಿ ಸೈನ್ಯ ಕುಂಡಿ ಊರಿದಲ್ಲೇ ಕುಣಿಯತೊಡಗಿತು. ಆ ಕಡೆ ಹನ್ನೊಂದು ಹನ್ನೆರಡರ ಗುಂಪಿನ ಕೈಗೆ ಬಾತುಕೋಳಿ ಸಿಕ್ಕಿತ್ತು. ವಕೀಲರ ಮಗಳು ಮೂಗು ಹಿಡಿದು ಒಂದು ಕ್ವಾಕ್ ಎಂದಳು. ಇನ್ನೊಬ್ಬಳು ಅಪ್ಪನ ಬೂಟು ಕಸಿದು ಕಾಲಿಗೆ ಹಾಕಿಕೊಂಡು ಅಡ್ಡಡ್ಡ ನಡೆದಳು. ಅಟ್ಲಾಸು ಮೆಲ್ಲಗೆ ಕೆಳಗಿಳಿಯಿತು. ಮೋಡಣ್ಣನ ದೊಡ್ಡ ಮಗಳು ಹೋಗಿ ಸೇರಿಕೊಂಡಳು. ದೊಡ್ಡ ಮಕ್ಕಳ ಗುಂಪು ನಾಟಕವಾಡಿ ನಗುವುದನ್ನು ಕಂಡು ಅಂಗಡಿಯಮ್ಮ ಚೀಟಿಗಳನ್ನು ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಂಡಳು.

"ಓದಪ್ಪಾ, ಎರಡು ಪುಟ ಓದು. ಇಲ್ಲಾಂದ್ರೆ ಇವರು ಬಿಡಲ್ಲ" ಎಂದರು ಒಂದೇ ಸೀರೆಯ ಅಜ್ಜಿ. ಸೀರೆ ಈಗ ಬೇರೆಯಾಗಿತ್ತು. ಮೊಮ್ಮಗಳು ಬಾಗಿಲಿನ ಪುಸ್ತಕವನ್ನು ಎದೆಗವಚಿಕೊಂಡಿದ್ದಳು.

ಮೋಡಣ್ಣ ಓದಿದ. ದನಿ ತಗ್ಗಿಸಿ, ಕಣ್ಣು ಕಿರಿದು ಮಾಡಿ, ಒಳ್ಳೆಯ ಮಾತುಗಾರನಂತೆ ಓದಿದ. ಪುಟಾಣಿಗಳು ಮೈಯೆಲ್ಲ ಕಿವಿಯಾದರು. ಅಕ್ಕ ಮೆಟ್ಟಿಲಿಳಿದಳು. ತಮ್ಮ ಮೇಣದಬತ್ತಿ ಹಿಡಿದ. ಒಂದನೇ ಬಾಗಿಲು. ಎರಡನೇ ಬಾಗಿಲು. ಮೂರನೇ ಬಾಗಿಲು. "ಆಗ... ನಾಲ್ಕನೇ ಬಾಗಿಲಿನ ಆಚೆಯಿಂದ..."

ಢಮಾರ್!

ಅಂಗಡಿಯ ಹಿಂದಿನ ಗೋಡೌನಿನ ಬಾಗಿಲು ಗಾಳಿಗೆ ಬಡಿದುಕೊಂಡಿತು.

"ಅಮ್ಮಾ!" ಎಂದು ಕಿರುಚಿದವರು ಯಾರು? ಮೂರು ವರ್ಷದವರಲ್ಲ. ನಾಲ್ಕು ವರ್ಷದವರಲ್ಲ. ಪುಸ್ತಕ ಮೇಲಕ್ಕೆ ಹಾರಿತು, ಮೋಡಣ್ಣ ಹಿಂದಕ್ಕೆ ಹಾರಿದ. ತರಬೇತಾದ ಕೂದಲು ಶಿಸ್ತು ಮರೆತು ನೆಟ್ಟಗೆ ನಿಂತಿತು. ತರಬೇತಾದ ಕೂದಲು ಶಿಸ್ತು ಮರೆತು ನೆಟ್ಟಗೆ ನಿಂತಿತು. ಐವತ್ತಾರು ಬಾತುಕೋಳಿಗಳ ಅಡಿಯಿಂದ ಎರಡು ಬೂಟು ಮಾತ್ರ ಕಾಣುತ್ತಿದ್ದವು.

ಅಂಗಡಿಗೆ ಅಂಗಡಿಯೇ ಹೊಟ್ಟೆ ಹಿಡಿದು ನಕ್ಕಿತು. ವಕೀಲರು ಕಣ್ಣೊರೆಸಿಕೊಂಡರು. ಚಿಕ್ಕ ಮಗಳು ಪುಸ್ತಕಗಳನ್ನು ಸರಿಸಿ ಅಪ್ಪನ ಮುಖ ಹುಡುಕಿ, ಕೆನ್ನೆ ಸವರಿ, "ಹೆದರ್ಕೋಬೇಡ ಅಪ್ಪಾ, ಅದು ಕಥೆ ಅಷ್ಟೇ" ಎಂದಳು. ಮಧ್ಯಾಹ್ನದ ಹೊತ್ತಿಗೆ ಎರಡೂ ಮೇಜು ಖಾಲಿಯಾಗಿದ್ದವು. ಮನೆಗೆ ಹೋಗುವಾಗ ಚಿಕ್ಕ ಮಕ್ಕಳ ಕೈಯಲ್ಲಿ ಬಾಗಿಲು, ದೊಡ್ಡ ಮಕ್ಕಳ ಕೈಯಲ್ಲಿ ಬಾತುಕೋಳಿ. ಶಿಫಾರಸಿನ ಪ್ರಕಾರವೇ!

ಭಾನುವಾರ ಪತ್ರಿಕೆಯಲ್ಲಿ ತಿದ್ದುಪಡಿ ಬಂತು. ಸೋಮವಾರ ಮತ್ತೆ ಫೋನುಗಳ ಸುರಿಮಳೆ. "ಮೊದಲು ಬರೆದದ್ದೇ ಸರಿಯಾಗಿತ್ತಲ್ರೀ, ಯಾಕೆ ತಿದ್ದಿದ್ರಿ?" ಎಂದು ಎಲ್ಲರದೂ ಒಂದೇ ರಾಗ. ಮೋಡಣ್ಣನ ಎದೆ ಮತ್ತೆ ಉಬ್ಬತೊಡಗಿತು. ಸಂಪಾದಕರು ಕರೆದಾಗ ಅವನು ಬೆನ್ನು ನೆಟ್ಟಗೆ ಮಾಡಿಕೊಂಡೇ ಹೋದ. ಪುಟ ಕೈಗೆ ಬಂದಂತೆಯೇ!

ಸಂಪಾದಕರು ಕೂರಿಸಿದರು. ಪುಟ ಅವನದೇ ಎಂದೂ ಹೇಳಿದರು. ಜೊತೆಗೆ ಒಂದು ಪತ್ರ ಕೊಟ್ಟರು. ಅಜ್ಜಿಯ ಕೈಬರಹ, ಐದು ವರ್ಷದ ಮೊಮ್ಮಗಳ ಮಾತು.

"ಪೇಪರ್ ಅವರಿಗೆ ನಮಸ್ಕಾರ. ಬಾಗಿಲು ಪುಸ್ತಕ ತುಂಬಾ ಚೆನ್ನಾಗಿದೆ. ನಾವು ಪೂರ್ತಿ ಕೇಳಿದೆವು. ಆದರೆ ಓದಿದ ಮಾಮ ತುಂಬಾ ಹೆದರಿಕೊಂಡರು. ಅವರಿಗೆ ಆಗುವಂಥ ಪುಸ್ತಕ ಯಾವುದಾದರೂ ಇದ್ದರೆ ದಯವಿಟ್ಟು ಹೇಳಿ."

ಕೆಳಗೆ ಸಂಪಾದಕರು ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಸೂಕ್ತ ಕ್ರಮಕ್ಕಾಗಿ.'

ಮೋಡಣ್ಣ ಅದನ್ನು ಮನೆಗೆ ತಂದು, ನಗಬೇಕೋ ಅಳಬೇಕೋ ತಿಳಿಯದೆ ಹೆಂಡತಿಗೆ ತೋರಿಸಿದ. ಅವಳು ಎರಡು ಸಲ ಓದಿದಳು. ನಗಲಿಲ್ಲ. ಗಂಭೀರವಾಗಿ ಒಳಗೆ ಹೋಗಿ, ಆಸ್ಪತ್ರೆಯ ಚೀಲದಿಂದ ಮೆತ್ತನೆಯದೇನನ್ನೋ ತೆಗೆದು ಅವನ ಕೈಗಿಟ್ಟಳು. ಬಟ್ಟೆಯಲ್ಲಿ ಹೊಲಿದ ನಾಲ್ಕು ಪುಟದ ಪುಸ್ತಕ. ಒಂದು ಪುಟದಲ್ಲಿ ಚೆಂಡು, ಒಂದರಲ್ಲಿ ಬಟ್ಟಲು.

"ಸೊನ್ನೆಯಿಂದ ಎರಡು ವರ್ಷದವರಿಗೆ ಅಂತ ಬರೆದಿದೆ" ಎಂದಳು. "ಧೈರ್ಯವಾಗಿ ಓದಿ. ಹೆದರಿ ಒದ್ದೆ ಮಾಡಿದ್ರೂ ಚಿಂತೆ ಇಲ್ಲ ರೀ, ಒಗೆದು ಹಾಕಬಹುದು!"