ಮಾವನ ಕಣ್ಣಿಗೆ ಬೀಳದ ಮುಖ

ಕಾಮಿಡಿ ನಟನ ಕಷ್ಟ ಏನೆಂದರೆ, ಕಷ್ಟ ಹೇಳಿಕೊಂಡರೂ ಜನ ನಗುತ್ತಾರೆ. ಒಮ್ಮೆ ಹಲ್ಲುನೋವು ತಡೆಯಲಾರದೆ ಕೋಲಾರದ ಡಾಕ್ಟರೊಬ್ಬರ ಹತ್ತಿರ ಓಡಿದೆ. ನಾನು ಬಾಯಿ ತೆಗೆಯುವ ಮೊದಲೇ ಅವರು ಬಾಯಿಬಿಟ್ಟು ನಕ್ಕರು. ಕಾಂಪೌಂಡರನ್ನೂ ಕೂಗಿ ಕರೆದು, "ಇನ್ನೊಂದ್ಸಲ ನರಳಿ ಸಾರ್, ಇವನೂ ನೋಡ್ಲಿ" ಅಂದರು. ಇಂಥವು ವಾರಕ್ಕೊಂದಾದರೂ ಆಗುತ್ತಲೇ ಇರುತ್ತವೆ. ಇಡೀ ರಾಜ್ಯವೇ ನನ್ನ ಮುಖ ಕಂಡರೆ ನಗುತ್ತದೆ. (ಇಡೀ ರಾಜ್ಯ ಅನ್ನುವುದು ನನ್ನ ಲೆಕ್ಕ. ಮಾಲೂರು ಬಸ್‌ಸ್ಟ್ಯಾಂಡು ಅನ್ನುವುದು ನನ್ನ ಹೆಂಡತಿಯ ತಿದ್ದುಪಡಿ.) ಆದರೆ ಯಾರ ಕಣ್ಣಿಗೆ ಆ ಮುಖ ಬೀಳಬೇಕಿತ್ತೋ ಆ ಒಬ್ಬರ ಕಣ್ಣಿಗೆ ಮಾತ್ರ ಅದು ಪರದೆಯ ಮೇಲೆ ಹತ್ತು ಹನ್ನೆರಡು ವರ್ಷ ಬೀಳಲಿಲ್ಲ. ಅವರು ನನ್ನ ಮಾವ.

ಆನೆಯ ಪಂಕ್ಚರು

ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಆಗ ನಾನಿನ್ನೂ ಸಿನಿಮಾಕ್ಕೆ ಸೇರಿರಲಿಲ್ಲ. ಮಾಲೂರಿನಲ್ಲಿ ಕೈಗೆ ಕೆಲಸವಿಲ್ಲ, ಬಾಯಿಗೆ ಬಿಡುವಿಲ್ಲ. ಒಂದು ದಿನ ಟೀ ಅಂಗಡಿಯಲ್ಲಿ ಕೂತು, "ನಾಳೆ ಕೆರೆ ಏರಿ ಮೇಲೆ ಶೂಟಿಂಗಂತೆ, ಹೀರೋಯಿನ್ ಆನೆ ಮೇಲೆ ಬರ್ತಾಳಂತೆ" ಅಂದೆ. ಅಷ್ಟೇ ಅಂದದ್ದು. ಬೆಳಗಾಗುವಷ್ಟರಲ್ಲಿ ಏರಿಯ ಮೇಲೆ ಕಾಲಿಡಲು ಜಾಗವಿಲ್ಲ.

ಸಂಬಂಧಿಕರ ಮನೆಗೆಂದು ಯಲ್ದೂರಿನಿಂದ ಬಂದಿದ್ದ ಒಂದು ಗಾಡಿಯೂ ಅಲ್ಲೇ ನಿಂತಿತು. ಅದರಲ್ಲಿದ್ದ ಯಜಮಾನರು ಎಡ ಹೆಗಲ ಮೇಲಿನ ಟವೆಲನ್ನು ತಲೆಗೆ ಹಾಕಿಕೊಂಡು, ಮನೆಮಂದಿಗೆಲ್ಲ ಚಿತ್ರಾನ್ನ ಹಂಚಿ, ಮಟಮಟ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕಾದರು. ನನಗೇ ಅಯ್ಯೋ ಅನಿಸಿ ಹತ್ತಿರ ಹೋಗಿ, "ಯಜಮಾನ್ರೇ, ಇನ್ನು ಕಾಯಬೇಡಿ. ಆನೆ ದಾರೀಲಿ ಪಂಕ್ಚರ್ ಆಗಿದೆ" ಅಂದೆ. ಗಾಡಿಯೊಳಗೆ ಒಬ್ಬ ಹುಡುಗಿ ಪಕ್ಕನೆ ನಕ್ಕಳು. ಯಜಮಾನರು ನಗಲಿಲ್ಲ. ನನ್ನ ಮುಖವನ್ನು ಸಂತೆಯಲ್ಲಿ ಎತ್ತು ನೋಡುವ ಹಾಗೆ ನೋಡಿಕೊಂಡರು.

ಎರಡು ವರ್ಷದ ಮೇಲೆ ಹೆಣ್ಣು ನೋಡಲು ಯಲ್ದೂರಿಗೆ ಹೋದೆ. ಬಾಗಿಲಲ್ಲಿ ನಿಂತಿದ್ದವರು ಅವರೇ.

"ಏಮಯ್ಯಾ," ಅಂದರು, "ಆನೆ ಬಂತಾ?"

ಉದುರುಕಾಯಿ

ಮದುವೆ ಆಯಿತು. ನಕ್ಕಿದ್ದ ಹುಡುಗಿ ಹಟ ಹಿಡಿದಳು, ಅದಕ್ಕೇ ಆಯಿತು. ಅಷ್ಟು ಹೊತ್ತಿಗೆ ನಾನು ನಿಜವಾಗಿಯೂ ಸಿನಿಮಾ ಸೇರಿದ್ದೆ. ಹೇಳಿದರೆ ಮಾವ ನಂಬಬೇಕಲ್ಲ?

"ನೋಡಯ್ಯಾ, ನಿನ್ನ ಮಾತು ಕೇಳಿ ಒಂದ್ಸಲ ಬಿಸಿಲಲ್ಲಿ ಒಣಗಿದ್ದೀನಿ. ನಿನ್ನ ಮುಖ ಪರದೆ ಮೇಲೆ ಬರಲಿ, ನಾನು ಈ ಕಣ್ಣಲ್ಲಿ ನೋಡ್ತೀನಿ. ಅಲ್ಲೀವರ್ಗೂ ನೀನು ನನ್ನ ಮಗಳ ಗಂಡ. ನನ್ನ ಅಳಿಯ ಅಲ್ಲ."

ಇದೇನು ಬರೀ ಮಾತಲ್ಲ. ಅವರದು ಮಾವಿನ ತೋಟ. ಪ್ರತಿ ವರ್ಷ ಮೊದಲು ಹಣ್ಣಾದ ಬಾದಾಮಿ ಮಾವನ್ನು ಭತ್ತದ ಹುಲ್ಲಿನಲ್ಲಿ ಮಲಗಿಸಿ, ಬುಟ್ಟಿ ಕಟ್ಟಿ ಅಳಿಯನಿಗೆ ಕಳಿಸುವುದು ಆ ಮನೆಯ ಪದ್ಧತಿ. ದೊಡ್ಡಳಿಯ ಹೋಳೂರಿನ ಮೇಷ್ಟ್ರು. ಅವರಿಗೆ ಬುಟ್ಟಿ ಹೋಗುತ್ತಿತ್ತು. ನನಗೆ ಗಾಳಿಗೆ ಬಿದ್ದ ಉದುರುಕಾಯಿ, ಗೋಣಿಚೀಲದಲ್ಲಿ.

"ಉಪ್ಪಿನಕಾಯಿಗೆ ಬಲು ಚೆನ್ನಾಗಿರುತ್ತೆ" ಅನ್ನುತ್ತಿದ್ದರು ಮಾವ.

ಹತ್ತು ವರ್ಷ ನಮ್ಮ ಮನೆಯಲ್ಲಿ ಉಪ್ಪಿನಕಾಯಿಗೆ ಬರ ಬರಲಿಲ್ಲ.

ಶುಭಂ ಆದ ಮೇಲೆ

ನನ್ನ ಮುಖ ನೆಟ್ಟಗೆ ಕಾಣುವ ಮೊದಲ ಸಿನಿಮಾ ಬಂತು. ಕಾಫಿ ತಟ್ಟೆ ಹಿಡಿದು ಎಡವಿ, ಸಾಹುಕಾರರ ಪಂಚೆ ಮೇಲೆ ಬೀಳುವ ಆಳಿನ ಪಾತ್ರ. ಯಲ್ದೂರಿನ ಟೆಂಟಿನಲ್ಲಿ ಸಂಜೆ ಆಟ. ಮಾವನನ್ನು ಕರೆದುಕೊಂಡು ಹೋಗಿ ಮುಂದೆಯೇ ಕೂರಿಸಿದೆ. "ಆರನೇ ರೀಲು ಮಾವ, ಕಣ್ಣು ಮುಚ್ಚಬೇಡಿ" ಅಂದೆ.

ಆಗೆಲ್ಲ ಹೊಸ ಸಿನಿಮಾದ ಒಂದೇ ಪ್ರಿಂಟು ಎರಡು ಊರಿಗೆ. ಶ್ರೀನಿವಾಸಪುರದಲ್ಲಿ ಒಂದು ರೀಲು ಮುಗಿದ ಕೂಡಲೇ ಡಬ್ಬಿ ಸೈಕಲ್ ಏರಿ ಯಲ್ದೂರಿಗೆ ಬರಬೇಕು. ಇಬ್ಬರು ಸೈಕಲ್ಲಿನವರು, ಒಬ್ಬರಾದ ಮೇಲೆ ಒಬ್ಬರು, ಸರದಿಯ ಮೇಲೆ ತರುತ್ತಿದ್ದರು. ಐದು ರೀಲು ಬಂದವು, ಓಡಿದವು. ಆರನೆಯದು ಬರಲಿಲ್ಲ. ಹಿಂದೆ ಹೊರಟ ಏಳನೆಯದು ಬಂತು.

"ಆರು ಎಲ್ಲೋ?" ಅಂತ ಟೆಂಟಿನ ಯಜಮಾನ ಕೂಗಿದ.

"ದಾರೀಲಿ ಟೈರು ಬಿಚ್ಕೊಂಡು ಕೂತವ್ನೆ ಅಣ್ಣಾ!"

ಜನ ಸಿಳ್ಳೆ ಹೊಡೆಯತೊಡಗಿದರು. "ಬಂದದ್ದು ಹಾಕೋ!" ಅಂದ ಯಜಮಾನ. ಸಾಹುಕಾರರು ಇದ್ದಕ್ಕಿದ್ದಂತೆ ಕಾಫಿಕಲೆಯ ಪಂಚೆಯಲ್ಲಿ ಪ್ರತ್ಯಕ್ಷರಾದರು. ಕಲೆ ಯಾಕೆ ಬಂತು ಅಂತ ಯಾರಿಗೂ ಗೊತ್ತಿಲ್ಲ. ಹೀರೋ ಹೀರೋಯಿನ್ ಮದುವೆಯಾಯಿತು, ಶುಭಂ ಬಿತ್ತು. ಮಾವ ಟವೆಲ್ ಕೊಡವಿ ಎಡ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದರು. ಅವರು ತಿರುವು ದಾಟಿದರು, ಆರನೇ ರೀಲು ಬಂತು. ಟೆಂಟಿನವನು ಪ್ರಾಮಾಣಿಕ. ಟಿಕೆಟ್ಟು ಕೊಂಡವರಿಗೆ ಮೋಸ ಆಗಬಾರದು ಅಂತ ಉಳಿದವರಿಗೆ ಅದನ್ನೂ ತೋರಿಸಿದ.

ಮರುದಿನ ಊರವರು ಸಾಕ್ಷಿ ಹೇಳಿದರು: "ಯಜಮಾನ್ರೇ, ನಿಮ್ಮ ಅಳಿಯ ಬಂದಿದ್ದ, ನಾವು ನೋಡಿದ್ವಿ."

ಮಾವ ಕೇಳಿದರು: "ಶುಭಂ ಆದ್ಮೇಲೆ ಬರೋನು ಅದೆಂಥ ಆಕ್ಟರಯ್ಯಾ? ಕಸ ಗುಡಿಸೋನಿರಬೇಕು."

ಬಿಸಿ ಬೋಂಡ

ಟೆಂಟಿನ ಸಹವಾಸವೇ ಬೇಡ ಅಂತ, ಮುಂದಿನ ಸಿನಿಮಾಕ್ಕೆ ಮಾವನನ್ನು ಮುಳಬಾಗಿಲಿನ ಥಿಯೇಟರಿಗೆ ಕರೆದುಕೊಂಡು ಹೋದೆ. ಪೂರ್ತಿ ಪ್ರಿಂಟು, ಗೋಡೆ ಇರುವ ಕಟ್ಟಡ, ಸೈಕಲ್ಲಿನ ಕಾಟವಿಲ್ಲ. ಇಂಟರ್ವಲ್ಲಿಗೆ ಮುಂಚಿನ ಐದು ನಿಮಿಷ ಪೂರ್ತಿ ನನ್ನದೇ. ಆ ಜಾಗ ಹತ್ತಿರ ಬಂತು. ಮಾವನ ಮೊಣಕೈ ತಿವಿದೆ. "ಈಗ ನೋಡಿ!"

ದೀಪ ಹತ್ತಿತು. ಇಂಟರ್ವಲ್.

ಮೆಟ್ಟಿಲು ಹಾರಿಕೊಂಡು ಆಪರೇಟರ ಬಳಿಗೆ ಹೋದೆ. "ಏನ್ರೀ, ನನ್ನ ಸೀನು ಎಲ್ಲಿ?"

ಅವನು ನನ್ನ ಗುರುತು ಹಿಡಿದು ಎದ್ದು ನಿಂತು ಕೈಮುಗಿದ. "ಸಾರ್! ನೀವಾ! ಅಬ್ಬಬ್ಬ, ಏನು ಆಕ್ಟಿಂಗು ಸಾರ್! ಮೊದಲ ದಿನ ಹಾಕಿದ್ದೆ. ಜನ ನಕ್ಕು ನಕ್ಕು, ಇಂಟರ್ವಲ್ ಬಿಟ್ರೂ ಸೀಟಲ್ಲೇ ಕೂತು ಅದನ್ನೇ ಹೇಳ್ಕೊಂಡು ನಗ್ತಾವ್ರೆ. ಒಬ್ಬನೂ ಹೊರಗೆ ಬರ್ಲಿಲ್ಲ. ಕ್ಯಾಂಟೀನ್ ಬೋಂಡ ಎಲ್ಲಾ ಆರಿಹೋಯ್ತು. ಕ್ಯಾಂಟೀನ್ ನಮ್ಮ ಭಾವಮೈದಂದು ಸಾರ್. ಎರಡನೇ ದಿನದಿಂದ ಕತ್ತರಿಸಿಬಿಟ್ಟೆ."

ಇದಕ್ಕೆ ಬೈಯಬೇಕೋ ಧನ್ಯವಾದ ಹೇಳಬೇಕೋ ತಿಳಿಯದೆ ಇಳಿದು ಬಂದೆ. ಮಾವ ಕ್ಯಾಂಟೀನಿನ ಮುಂದೆ ನಿಂತಿದ್ದರು.

"ನೀನು ಕಾಣ್ಲಿಲ್ಲ ಕಣಯ್ಯಾ," ಅಂದರು. "ಆದ್ರೆ ಬೋಂಡ ಬಿಸಿಯಾಗಿದೆ."

ಒಂದೇ ಟೇಕು

ಸಿನಿಮಾ ತೋರಿಸುವುದು ನನ್ನ ಹಣೆಯಲ್ಲಿಲ್ಲ, ಶೂಟಿಂಗನ್ನೇ ತೋರಿಸೋಣ ಅಂದುಕೊಂಡೆ. ಕೋಲಾರದ ಬೆಟ್ಟದ ಬಂಡೆಗಳ ನಡುವೆ ಶೂಟಿಂಗು. ಮಾವನನ್ನು ಕೊಡೆಯ ಕೆಳಗೆ ಕೂರಿಸಿ ಮಜ್ಜಿಗೆ ಕೊಡಿಸಿದೆ. ಅಂದಿನ ದೃಶ್ಯ: ಹಳ್ಳಿಯ ಗೌಡರೊಬ್ಬರು ನನ್ನ ಕಪಾಳಕ್ಕೆ ಹೊಡೆಯಬೇಕು. ಗೌಡರ ಪಾತ್ರದವರಿಗೆ ಹೊಟ್ಟೆ ಕೆಟ್ಟು ಅವರು ಬಂಡೆಯ ಹಿಂದೆ ಹೋದವರು ಬರಲೇ ಇಲ್ಲ. ಬಿಸಿಲು ಇಳಿಯುತ್ತಿತ್ತು. ನಿರ್ದೇಶಕರು ಸುತ್ತ ನೋಡಿದರು. ಅವರ ಕಣ್ಣು ಮಾವನ ಮೇಲೆ ನಿಂತಿತು.

"ಆ ಮುಖ ನೋಡ್ರೀ! ಎಂಥಾ ಸಿಟ್ಟು! ಇವರೇ ಬೇಕು!"

"ನಂಗೆ ಆಕ್ಟಿಂಗ್ ಬರಲ್ಲ ಸ್ವಾಮಿ" ಅಂದರು ಮಾವ.

"ಆಕ್ಟಿಂಗ್ ಬೇಡ. ಅವನ ಮುಖ ನೋಡಿ. ಮನಸ್ಸಿಗೆ ಏನು ಬರುತ್ತೋ ಅದನ್ನ ಮಾಡಿ."

ಮಾವ ಟವೆಲ್ ಸರಿಮಾಡಿಕೊಂಡು ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ಮಾಲೂರಿನ ಕೆರೆ ಏರಿ, ಮಧ್ಯಾಹ್ನದ ಬಿಸಿಲು, ಪಂಕ್ಚರಾದ ಆನೆ ಎಲ್ಲ ಸಾಲಾಗಿ ಬಂದು ಹೋದದ್ದು ನನಗೆ ಕಂಡಿತು. ಒಂದೇ ಟೇಕು. ಓಕೆ. ಮೊದಲು ಹೇಳಿದೆನಲ್ಲ, ಆ ಹಲ್ಲುನೋವು ಇದೇ.

ಸಿನಿಮಾ ಶ್ರೀನಿವಾಸಪುರಕ್ಕೆ ಬಂತು. ಪರದೆಯ ತುಂಬ ಮಾವನ ಮುಖ. ನನ್ನದು ಹಿಂದಲೆ ಮಾತ್ರ. ಥಿಯೇಟರಿನಲ್ಲಿ ಸಿಳ್ಳೆಯೋ ಸಿಳ್ಳೆ. ಹೋಳೂರಿನ ಮೇಷ್ಟ್ರು ಹಾರ ತಂದು ಮಾವನಿಗೆ ಹಾಕಿದರು. ನಾನು ಹಾರದ ದಾರ ಹಿಡಿದುಕೊಂಡು ನಿಂತಿದ್ದೆ.

"ನಿನ್ನ ಹಿಂದಲೆ ಚೆನ್ನಾಗಿ ಬಂದಿದೆ ಕಣಯ್ಯಾ," ಅಂದರು ಮಾವ. "ಆದ್ರೆ ಹಿಂದಲೆಗೆ ಬಾದಾಮಿ ಕಳಿಸೋ ಪದ್ಧತಿ ನಮ್ಮನೇಲಿಲ್ಲ."

ಬುಟ್ಟಿ

ಕಡೆಗೆ ಟೀವಿ ಬಂತು. ಒಂದು ನಾಟಕದಲ್ಲಿ ನನಗೆ ಜಿಪುಣ ಮುದುಕನ ಪಾತ್ರ ಸಿಕ್ಕಿತು. ಬೋಳು ತಲೆ, ಪೊದೆ ಮೀಸೆ, ಹೆಗಲ ಮೇಲೆ ಟವೆಲ್, ಮಾತಿಗೊಮ್ಮೆ ಕೆಮ್ಮು, "ನಾನು ಕಣ್ಣಲ್ಲಿ ನೋಡ್ಬೇಕು" ಅನ್ನುವ ಚಾಳಿ. ಯಾರನ್ನು ನೋಡಿ ಕಲಿತೆ ಅಂತ ಬೇರೆ ಹೇಳಬೇಕೇ? ಹತ್ತು ವರ್ಷದ ಉಪ್ಪಿನಕಾಯಿಯ ಸೇಡು.

ಯಲ್ದೂರಿಗೆ ಇದ್ದದ್ದು ಒಂದೇ ಟೀವಿ. ಭಾನುವಾರ ಸಂಜೆ ಅದರ ಮುಂದೆ ಇಡೀ ಊರು ಕೂತಿತು. ಮಾವ ಕುರ್ಚಿಯಲ್ಲಿ, ನಾನೂ ನನ್ನ ಹೆಂಡತಿಯೂ ಕೆಳಗೆ ಚಾಪೆಯ ಮೇಲೆ. ಸರಿಯಾಗಿ ನಟರ ಹೆಸರು ಬರುವ ಹೊತ್ತಿಗೆ ಮಹಡಿಯ ಮೇಲಿನ ಆಂಟೆನಾ ಗಾಳಿಗೆ ತಿರುಗಿ, ತೆರೆಯ ಮೇಲೆಲ್ಲ ರಾಗಿ ಚೆಲ್ಲಿದ ಹಾಗಾಯಿತು. ಹೆಸರು ಹೋಯಿತು, ಚಿತ್ರ ಬಂತು. ಮುದುಕ ಬಂದು ಕೆಮ್ಮಿದ. ಊರಿಗೆ ಊರೇ ಒಮ್ಮೆ ಟೀವಿ ನೋಡಿತು, ಒಮ್ಮೆ ಮಾವನನ್ನು ನೋಡಿತು, ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ!

"ಥೇಟ್ ನಮ್ಮ ಹೋಳೂರು ಬೀಗರು ಕಣ್ರೋ! ಇವನಪ್ಪಾ ಆಕ್ಟರು ಅಂದ್ರೆ!"

"ಅಪ್ಪಾ, ಅದು ಇವ್ರೇ!" ಅಂತ ನನ್ನ ಹೆಂಡತಿ ಕೂಗಿದಳು.

"ಸುಮ್ನಿರೇ. ನನಗೆ ಕಣ್ಣು ಕಾಣಲ್ವಾ? ಅವರು ಯಾರೋ ದೊಡ್ಡೋರು, ವಯಸ್ಸಾದೋರು."

ನಾನು ತಡೆಯಲಾರದೆ ಎದ್ದು, ಅಲ್ಲೇ ಕೆಮ್ಮಿ, ನಡೆದು, ಆ ಪಾತ್ರ ಮಾಡಿ ತೋರಿಸಿದೆ. ಮಾವ ಗಂಭೀರವಾಗಿ ನೋಡಿದರು.

"ನಕಲು ಪರವಾಗಿಲ್ಲ," ಅಂದರು. "ಆದ್ರೆ ಅಸಲು ಅಸಲೇ ಕಣಯ್ಯಾ."

ಆ ಹೊತ್ತು ನನ್ನ ಮನಸ್ಸು ಪೂರ್ತಿ ಮುರಿಯಿತು. ಸುಳ್ಳು ಹೇಳಿ ಊರನ್ನೇ ನಂಬಿಸಿದವನು ನಾನು. ನಿಜ ಹೇಳಿ ಒಬ್ಬರನ್ನು ನಂಬಿಸಲಾಗಲಿಲ್ಲ.

ಮರುದಿನ ಬೆಳಿಗ್ಗೆ ಬೆಂಗಳೂರಿಗೆ ಹೊರಟೆ. ಬಾಗಿಲಲ್ಲಿ ಒಂದು ಬುಟ್ಟಿ. ಭತ್ತದ ಹುಲ್ಲಿನಲ್ಲಿ ಆ ವರ್ಷದ ಮೊದಲ ಬಾದಾಮಿ. ಎರಡೂ ಕೈ ಚಾಚಿದೆ.

"ನಿನಗಲ್ಲ," ಅಂದರು ಮಾವ. "ಟೀವಿಯ ಆ ಆಕ್ಟರಿಗೆ ಕೊಡು. ಈ ಕಾಗದಾನೂ ಕೊಡು. ಅಂಟಿಸಿದ್ದೀನಿ, ಒಡೆದೀಯ ಮತ್ತೆ. ಅಗೋ, ನಿನ್ನ ಉದುರುಕಾಯಿ ಚೀಲ ಆ ಮೂಲೇಲಿದೆ."

ಒಂದು ಕೈಯಲ್ಲಿ ಬುಟ್ಟಿ, ಒಂದು ಕೈಯಲ್ಲಿ ಚೀಲ ಹಿಡಿದು ಬಸ್ಸು ಹತ್ತಿದೆ. ಬಸ್ಸಿನ ತುಂಬ ಬಾದಾಮಿಯ ಘಮಲು. ಕಂಡಕ್ಟರು ಮೂಗರಳಿಸಿ, "ಯಾರು ಕೊಟ್ರು ಸಾರ್?" ಅಂದ. "ನಮ್ಮ ಮಾವ" ಅಂದೆ. "ಒಳ್ಳೇ ಜೋಕು ಸಾರ್" ಅಂತ ನಕ್ಕು ಮುಂದೆ ಹೋದ, ಅವನೂ ಯಲ್ದೂರಿನವನೇ.

ಕೋಲಾರ ದಾಟಿದ ಮೇಲೆ ಕಾಗದ ಒಡೆದೆ. ಆಕ್ಟರಿಗೆ ಬರೆದದ್ದು ತಾನೇ? ನಾನೇ ಆಕ್ಟರು. ಅದರಲ್ಲಿ ಹೀಗಿತ್ತು:

"ಆಕ್ಟರ್ ಸಾಹೇಬರಿಗೆ ನಮಸ್ಕಾರ. ನಿಮ್ಮ ಪಾತ್ರ ಕಣ್ಣಲ್ಲಿ ನೋಡಿದೆ. ನಾನು ಟವೆಲ್ ಹಾಕುವುದು ಎಡ ಹೆಗಲ ಮೇಲೆ, ಬಲಕ್ಕಲ್ಲ. ನಾನು ಅಷ್ಟೊಂದು ಕೆಮ್ಮುವುದೂ ಇಲ್ಲ. ಮುಂದಿನ ಸಲ ಸರಿಮಾಡಿಕೊಳ್ಳಿ. ನನ್ನನ್ನು ಅರ್ಧ ದಿನ ಬಿಸಿಲಲ್ಲಿ ಕಾಯಿಸಿದ್ದಿರಿ, ನಿಮ್ಮನ್ನು ಹತ್ತು ವರ್ಷ ಕಾಯಿಸಿದ್ದೇನೆ. ಇಬ್ಬರಿಗೂ ಸಾಕು. ಈ ಬುಟ್ಟಿ ತರುತ್ತಿರುವವನು ನನ್ನ ಅಳಿಯ. ಒಳ್ಳೆಯ ಹುಡುಗ. ಆದರೂ ಹಣ್ಣು ಎಣಿಸಿಕೊಳ್ಳಿ, ನಲವತ್ತೆಂಟು ಇವೆ."

'ಅಳಿಯ' ಅನ್ನುವ ಆ ಒಂದು ಪದವನ್ನು ನಾಲ್ಕು ಸಲ ಓದಿದೆ. ಕಣ್ಣು ಒರೆಸಿಕೊಂಡು ಹಣ್ಣು ಎಣಿಸಿದೆ.

ನಲವತ್ತೇಳೇ ಇದ್ದವು. ಕೋಲಾರ ಬರುವ ಮೊದಲೇ ಅವರ ಅಳಿಯ ಒಂದನ್ನು ತಿಂದಿದ್ದ.