ಹಿಂಬಾಗಿಲಿನ ಕ್ಷಮಾಪಣೆ

ದುರಸ್ತಿಯಾದ ದೋಷವೂ ದೋಷವೇ ಎಂಬುದು ಜಾವಾದ ನಮ್ಮ ಪಟ್ಟಣದ ವಾಹನ ತಪಾಸಣಾ ಕಚೇರಿಯ ಖಚಿತ ನಿಲುವು.

ನನ್ನ ನೆರೆಮನೆಯ ರುಮಿಯಾತಿ ಶಾಲಾ ಮಕ್ಕಳ ವ್ಯಾನು ಓಡಿಸುತ್ತಾಳೆ. ಲೆಬರಾನ್ ಎಂಬ ರಂಜಾನ್ ಹಬ್ಬದ ರಜೆ ಮುಗಿದು ಸೋಮವಾರ ಶಾಲೆ. ಅಷ್ಟರೊಳಗೆ ಗಾಜಿಗೆ ತಪಾಸಣೆಯ ಸ್ಟಿಕ್ಕರ್ ಬೀಳದಿದ್ದರೆ ಮಕ್ಕಳು ಬೇರೆಯವರ ವ್ಯಾನು ಹತ್ತುತ್ತಾರೆ. ಬಾಗಿಲು, ದೀಪ, ಹಾರ್ನ್ ನೋಡಿಕೊಳ್ಳುವ ಕಂಟ್ರೋಲ್ ಮಾಡ್ಯೂಲಿಗೆ ತಪಾಸಣಾಧಿಕಾರಿ ಪಾಕ್ ಹರ್ಸೊಯೊ ಸ್ಕ್ಯಾನರ್ ಸಿಕ್ಕಿಸಿದರು; ನಮ್ಮಲ್ಲಿ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎಂದರೆ ಮರ್ಯಾದೆ. ಒಂದು ಕೋಡ್ ಬಂತು: ಹಿಂಬಾಗಿಲಿನ ಸ್ವಿಚ್, ಹಳೆಯ ದೋಷ, ಮೆಮೊರಿಯಲ್ಲಿದೆ.

“ಸ್ವಿಚ್ ಬದಲಾಯಿಸಿ ತಿಂಗಳಾಯ್ತು ಪಾಕ್. ಬಾಗಿಲು ಹಾಕಿ ನೋಡಿ.”

“ಬಾಗಿಲು ಸರಿಯಾಗಿದೆ ಬು. ಗಾಡಿ ಮರೆತಿಲ್ಲವಲ್ಲ.”

“ಅಳಿಸೋ ಗುಂಡಿ ನಿಮ್ಮ ಕೈಲೇ ಇದೆ. ಒತ್ತಿ.”

“ಕ್ಷಮೆ ಸಿಗೋ ಮುಂಚೆ ಅಳಿಸಿದ್ರೆ ಸಾಕ್ಷ್ಯನಾಶ. ಶನಿವಾರ ಹಲಾಲ್ ಬಿಹಲಾಲಿಗೆ ಗಾಡಿ ತನ್ನಿ.”

ಹಬ್ಬದ ನಂತರ ಸಿಬ್ಬಂದಿ ಪರಸ್ಪರ ಕೈಹಿಡಿದು ವರ್ಷದ ತಪ್ಪುಗಳಿಗೆ ಕ್ಷಮೆ ಬೇಡುವ ಆ ಕೂಟಕ್ಕೆ ಈ ಸಲ ವಾಹನಗಳನ್ನೂ ಸೇರಿಸಿಕೊಂಡಿದ್ದರು. ಕೋಡಿಗೊಂದು ಪಾತ್ರೆ ಓಪೋರ್, ಅಂದರೆ ತೆಂಗಿನಹಾಲಿನ ಕೋಳಿಸಾರು, ತರುವುದು ಕಡ್ಡಾಯವಲ್ಲ; ತರದವರ ಗಾಡಿ ಸಾಲಿನ ಕೊನೆಗೆ.

ಗೌರವಸೂಚಕವಾಗಿ ಎಲ್ಲ ಗಾಡಿಗಳ ದೀಪ ಹೊತ್ತಿಸಿಡಲು ಆದೇಶವಾಗಿತ್ತು. ಕಚೇರಿಯ ನಿರ್ದೇಶಕರು ಮಿತಭಾಷೆಯ ಮಹತ್ವ ಕುರಿತು ಮಧ್ಯಾಹ್ನದವರೆಗೆ ಮಾತಾಡಿದರು. ಆಮೇಲೆ ರುಮಿಯಾತಿ ಹಿಂಬಾಗಿಲು ಮುಟ್ಟಿ ಕ್ಷಮೆ ಕೇಳಿದಳು. ಹರ್ಸೊಯೊ ಗುಂಡಿ ಒತ್ತಿದರು. ಚಪ್ಪಾಳೆ. ಮರುತಪಾಸಣೆಯಲ್ಲಿ ಹೊಸ ಕೋಡ್: ಬ್ಯಾಟರಿ ಇಳಿದಿದೆ.

“ಇದು ಮುಂದಿನ ಲೆಬರಾನ್‌ಗೆ,” ಎಂದರು ಹರ್ಸೊಯೊ.

“ಯಾಕೆ? ದೀಪ ಹಾಕಿಸಿದ್ದು ನಾನಾ? ನೊಂದಿರೋದು ನನ್ನ ಗಾಡಿ ಪಾಕ್. ಕ್ಷಮೆ ಕೇಳಬೇಕಾದೋರು ಮೈಕ್ ಹಿಡಿದಿದ್ದೋರು.”

ನಿಯಮ ನೋಡಲಾಯಿತು. ಆಕೆ ಹೇಳಿದ್ದು ಸರಿಯಿತ್ತು. ನಿರ್ದೇಶಕರು ವ್ಯಾನಿನ ಪಕ್ಕದ ಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಳಗಿನ ಹೊರಗಿನ ಸಕಲ ತಪ್ಪುಗಳಿಗೆ ಕ್ಷಮೆ ಬೇಡಿದರು. ವ್ಯಾನು ಸುಮ್ಮನಿತ್ತು.

“ಏನೂ ಹೇಳ್ತಿಲ್ಲವಲ್ಲ ಬು,” ಎಂದು ನಿರ್ದೇಶಕರು ಪಿಸುಗುಟ್ಟಿದರು.

“ಸ್ಟಿಕ್ಕರ್ ಇಲ್ಲದ ಗಾಡಿ ಹಾರ್ನ್ ಹೊಡೆಯೋ ಹಾಗಿಲ್ಲ ಪಾಕ್. ನಿಮ್ಮದೇ ನಿಯಮ.”

ಸ್ಟಿಕ್ಕರ್ ಅಂಟಿತು. ರುಮಿಯಾತಿ ಹಾರ್ನ್ ಒತ್ತಿದಳು. ಸೊರಗಿದ ಬ್ಯಾಟರಿಯಿಂದ ಸಣ್ಣದೊಂದು “ಪೀಂ” ಹೊರಟಿತು. ನಿರ್ದೇಶಕರು ಕಣ್ಣೊರೆಸಿಕೊಂಡು ಓಪೋರ್ ಬಡಿಸಿಕೊಂಡರು.

ಸೋಮವಾರ ಮಕ್ಕಳೇ ವ್ಯಾನು ತಳ್ಳಿ ಸ್ಟಾರ್ಟ್ ಮಾಡಿ ಶಾಲೆಗೆ ಹೋದರು.

ಒಂದು ಹಾರ್ನ್ ಎಂದರೆ ಕ್ಷಮೆ ಎಂದು ಈಗ ಸುತ್ತೋಲೆ ಬಂದಿದೆ. ಹಾರ್ನ್ ಕೆಟ್ಟಿದ್ದರೆ ಗಾಡಿಯ ಪರವಾಗಿ ಮಾಲೀಕರೇ ಕೂಗಬಹುದು. ಮೊನ್ನೆ ಕೌಂಟರಿನಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರು “ಪೀಂ” ಎಂದರು.

ಗುಮಾಸ್ತ ತಲೆ ಎತ್ತಲಿಲ್ಲ. “ಸ್ವಲ್ಪ ಜೋರಾಗಿ ಪಾಕ್,” ಎಂದ.